ರೊಕ್ಕ ಕೈಗೆ ಬರುವ ಹೊತ್ತು

ಕಾರಟಗಿಯ ಬಜಾರಿನಲ್ಲಿ ಅಂಗಡಿ ಇಟ್ಟ ಯಾರನ್ನೇ ಕೇಳಿ, ಇಲ್ಲಿ ವರ್ಷಕ್ಕೆ ಎರಡೇ ಸಲ ವ್ಯಾಪಾರ ಎನ್ನುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಜುಲೈ–ಆಗಸ್ಟ್‌ನಲ್ಲಿ ನಾಟಿಯಾದ ಭತ್ತ ನವೆಂಬರ್–ಡಿಸೆಂಬರ್ ಹೊತ್ತಿಗೆ ರಾಶಿಯಾಗುತ್ತದೆ. ಎರಡನೇ ಬೆಳೆಗೂ ನೀರು ಸಿಕ್ಕಿದರೆ ಏಪ್ರಿಲ್–ಮೇನಲ್ಲಿ ಇನ್ನೊಂದು ರಾಶಿ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಬೈಕ್ ಷೋರೂಂ, ಮದುವೆ ಮುಹೂರ್ತ, ಬ್ಯಾಂಕಿನ ಸಾಲ ವಸೂಲಿ, ಹಳೆಯ ಉದ್ರಿಯ ಚುಕ್ತಾ ಎಲ್ಲವೂ ಆ ಎರಡು ರಾಶಿಗಳ ಆಸುಪಾಸಿನಲ್ಲೇ ನಡೆಯುತ್ತವೆ. ನಡುವಿನ ತಿಂಗಳುಗಳಲ್ಲಿ ಊರು ಬಾಯಿ ಮಾತಿನ ಮೇಲೆ, ಲೆಕ್ಕದ ಪುಸ್ತಕದ ಮೇಲೆ ನಡೆಯುತ್ತದೆ.

ಅದೇ ಊರಿನಲ್ಲಿ ಬೇರೆ ಲೆಕ್ಕದಲ್ಲಿ ರೊಕ್ಕ ಎಣಿಸುವವರೂ ಇದ್ದಾರೆ. ರೈಸ್ ಮಿಲ್ಲಿನ ಹಮಾಲರಿಗೆ ಚೀಲದ ಲೆಕ್ಕ. ನಾಟಿಗೆ ಬರುವ ಹೆಣ್ಣುಮಕ್ಕಳ ಗುಂಪಿಗೆ ಎಕರೆಯ ಲೆಕ್ಕ. ಗೌಂಡಿ ಕೆಲಸದವರಿಗೆ ಸಂತೆಯ ಹಿಂದುಮುಂದಿನ ವಾರದ ಬಟವಡೆ. ಡೈರಿಗೆ ಹಾಲು ಹಾಕುವ ಮನೆಗೆ ವಾರಕ್ಕೋ ಹದಿನೈದು ದಿನಕ್ಕೋ ಬಿಲ್ಲು. ಮಾಸ್ತರರಿಗೆ ತಿಂಗಳ ಪಗಾರ. ಉಗಾದಿಯಿಂದ ಉಗಾದಿಗೆ ಮಾತಾದ ಸಂಬಳದಾಳಿಗೆ ವರ್ಷದ ಲೆಕ್ಕ. ಸರ್ಕಾರದ ಕಡೆಯಿಂದ 2019ರಿಂದ ಪಿಎಂ ಕಿಸಾನ್‌ನ ನಾಲ್ಕು ತಿಂಗಳಿಗೊಮ್ಮೆ 2,000 ರೂಪಾಯಿ, 2023ರ ಆಗಸ್ಟ್‌ನಿಂದ ಮನೆಯೊಡತಿಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ. ಇವೆಲ್ಲದರ ಆಚೆ, ಚಹಾದಂಗಡಿಯ ಮಗ್ಗುಲಲ್ಲಿ ಓಸಿ ಜೂಜಿನ ಚೀಟಿ ಬರೆಸಿಕೊಂಡು ನಿಂತವನಿದ್ದಾನೆ. ಅವನಿಗೆ ರೊಕ್ಕ ಯಾವಾಗ ಬರುತ್ತದೆಂಬುದು ಯಾರಿಗೂ ಗೊತ್ತಿಲ್ಲ.

ಮೊತ್ತ ಒಂದೇ ಇದ್ದರೂ ಅದು ಯಾವಾಗ ಬರುತ್ತದೆ, ಎಷ್ಟು ಸಲ ಬರುತ್ತದೆ, ಹೇಳಿದ ದಿನಕ್ಕೆ ಬರುತ್ತದೆಯೋ ಇಲ್ಲವೋ ಎಂಬುದರಿಂದ ಮನುಷ್ಯನ ನಡತೆ ಬದಲಾಗುತ್ತದೆಯೇ? ಮನಶ್ಶಾಸ್ತ್ರ ಸುಮಾರು ತೊಂಬತ್ತು ವರ್ಷಗಳಿಂದ, ಅರ್ಥಶಾಸ್ತ್ರ ಕಳೆದ ಮೂವತ್ತು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿವೆ. ಉತ್ತರಗಳಲ್ಲಿ ಕೆಲವು ಗಟ್ಟಿಯಾಗಿವೆ, ಕೆಲವು ಇನ್ನೂ ತೂಗಾಡುತ್ತಿವೆ. ಅವನ್ನೆಲ್ಲ ಒಂದು ಕಡೆ ಇಟ್ಟು ನೋಡಿದಾಗ ನನಗೆ ಖಚಿತವಾಗಿ ಕಾಣುವುದು ಇಷ್ಟು: ‘ಆಳುಗಳು ಮೈಗಳ್ಳರು’, ‘ರೈತನ ಕೈಯಲ್ಲಿ ರೊಕ್ಕ ನಿಲ್ಲುವುದಿಲ್ಲ’, ‘ಹುಡುಗರಿಗೆ ತಾಳ್ಮೆಯಿಲ್ಲ’ ಎಂದು ನಾವು ಸ್ವಭಾವದ ತಲೆಗೆ ಕಟ್ಟುವ ಎಷ್ಟೋ ದೂರುಗಳು ಬಟವಡೆಯ ವೇಳೆಗೆ ಸಲ್ಲಬೇಕಾದವು. ಬಟವಡೆಯ ಗುಣಗಳಲ್ಲೂ ಎಲ್ಲಕ್ಕಿಂತ ದೊಡ್ಡದು, ಅದು ನಂಬಿದ ದಿನಕ್ಕೆ ಬರುವುದು.

ಈ ಶಾಸ್ತ್ರ ಹುಟ್ಟಿದ್ದು ಒಂದು ಕೊರತೆಯಿಂದ. ಅಮೆರಿಕದ ಬಿ. ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಪೆಟ್ಟಿಗೆಯೊಳಗೆ ಇಲಿಗಳನ್ನಿಟ್ಟು, ಸನ್ನೆ ಒತ್ತಿದರೆ ಒಂದು ಕಾಳು ಬೀಳುವಂತೆ ಮಾಡಿದ್ದರು. ಆ ಕಾಳುಗಳನ್ನು ಅವರೇ ಕೈಯಾರೆ ಮಾಡಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ನೋಡಿದರೆ ಇರುವ ಕಾಳು ಸೋಮವಾರ ಬೆಳಗಿನವರೆಗೆ ಮಾತ್ರ ಸಾಕು. ಪ್ರತಿ ಒತ್ತಿಗೂ ಕೊಡುವ ಬದಲು ನಿಮಿಷಕ್ಕೊಮ್ಮೆ ಮಾತ್ರ ಕೊಟ್ಟು ನೋಡೋಣ ಎಂದುಕೊಂಡರು. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಒತ್ತುವ ಲಯ ಮಾತ್ರ ಬದಲಾಯಿತು, ಆ ಹೊಸ ಲಯವೂ ದಿನದಿಂದ ದಿನಕ್ಕೆ ಒಂದೇ ತೆರನಾಗಿ ನಿಂತಿತು. ಮುಂದೆ ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ 1957ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಪ್ರತಿಫಲ ಕೊಡುವ ಕ್ರಮ ಬದಲಾಯಿಸಿದರೆ ಅದೇ ಪ್ರಾಣಿಯ ನಡತೆ ಬದಲಾಗುತ್ತದೆ ಎಂಬುದು ಅದರ ತಿರುಳು.

ಅವರು ಗುರುತಿಸಿದ ಕ್ರಮಗಳನ್ನು ಕಾಣಲು ಪ್ರಯೋಗಶಾಲೆಗೆ ಹೋಗಬೇಕಿಲ್ಲ, ಕಾರಟಗಿಯ ಮಿಲ್ಲಿನ ಅಂಗಳ ಸಾಕು. ಲಾರಿ ಬಂದು ನಿಂತ ಕೂಡಲೇ ಹಮಾಲರ ಗುಂಪು ಎದ್ದರೆ ಕೊನೆಯ ಚೀಲದವರೆಗೆ ಕೈ ನಿಲ್ಲುವುದಿಲ್ಲ. ಭತ್ತದ ಚೀಲ 75 ಕೆ.ಜಿ. ತೂಗುತ್ತದೆ. ಬಗ್ಗಿದ ಬೆನ್ನಿಗೆ ಇಬ್ಬರು ಎತ್ತಿಕೊಡುತ್ತಾರೆ, ಹೊತ್ತವನು ಹಲಗೆ ಏರಿ ಹೋಗುತ್ತಾನೆ, ಇಳಿಸಿ ಬರುವಷ್ಟರಲ್ಲಿ ಮುಂದಿನ ಚೀಲ ಕಾದಿರುತ್ತದೆ. ಲೋಡ್ ಮುಗಿಯಿತೆಂದರೆ ಎಲ್ಲರೂ ನೆರಳಿಗೆ ಕುಳಿತು ಟವೆಲ್ಲಿನಿಂದ ಮೈ ಒರೆಸಿಕೊಂಡು ಬೀಡಿಯನ್ನೋ ಚಹಾವನ್ನೋ ಹಿಡಿಯುತ್ತಾರೆ. ಇನ್ನೊಂದು ಲಾರಿ ಕಾದಿದ್ದರೂ ತುಸು ಹೊತ್ತು ಏಳುವುದಿಲ್ಲ. ಎಣಿಕೆಗೆ ಕೂಲಿ ಇದ್ದಲ್ಲಿ ಕೆಲಸ ಬಿರುಸಾಗಿ ಸಾಗಿ, ಒಂದು ಎಣಿಕೆ ತೀರಿದ ಮೇಲೆ ವಿರಾಮ ಬರುವುದು, ಎಣಿಕೆ ದೊಡ್ಡದಾದಷ್ಟೂ ವಿರಾಮ ಉದ್ದವಾಗುವುದು ಪಾರಿವಾಳದಲ್ಲೂ ಕಂಡ ಲಯವೇ. ಮನುಷ್ಯನಲ್ಲಿ ಅದಕ್ಕೆ ಬೆನ್ನಿನ ದಣಿವೂ ಸೇರಿಕೊಳ್ಳುತ್ತದೆ. ಅದನ್ನು ಸೋಮಾರಿತನ ಎನ್ನುವವರು ಒಂದು ಚೀಲ ಹೊತ್ತು ನೋಡಿಲ್ಲ.

ದಿನಗೂಲಿಯ ಕಥೆ ಬೇರೆ. ಸಂಜೆಯ ಹೊತ್ತು ಗೊತ್ತಾಗಿದೆ, ಕೂಲಿಯೂ ಗೊತ್ತಾಗಿದೆ. ಹೆಚ್ಚು ದುಡಿದರೆ ಹೆಚ್ಚು ಬರುವುದಿಲ್ಲ. ನಾಟಿಯ ಗುಂಪುಗಳು ದಿನಗೂಲಿ ಬಿಟ್ಟು ಎಕರೆ ಗುತ್ತಿಗೆಗೆ ಬಂದದ್ದರಲ್ಲಿ ಈ ಲೆಕ್ಕ ಇದೆ. ಎಕರೆ ಲೆಕ್ಕವಾದರೆ ನಸುಕಿನಲ್ಲೇ ಗದ್ದೆಗಿಳಿದು ಬಿಸಿಲೇರುವ ಮುನ್ನ ಅರ್ಧ ಮುಗಿಸುತ್ತಾರೆ. ರೈತನಿಗೂ ಬೇಗ ನಾಟಿಯಾದ ಸಮಾಧಾನ. ಆದರೆ ಸಾಲು ವಿರಳವಾಯಿತು, ಸಸಿ ತೇಲಿತು ಎಂಬ ತಕರಾರು ಗುತ್ತಿಗೆ ನಾಟಿಯಲ್ಲೇ ಹೆಚ್ಚು. ಎಣಿಸಿದ್ದಕ್ಕೆ ಫಲ ಕೊಟ್ಟರೆ ಎಣಿಕೆ ಬೆಳೆಯುತ್ತದೆ, ಎಣಿಸದ ಗುಣ ಸೊರಗುತ್ತದೆ. ಇನ್ನು ಗೊತ್ತಾದ ಗಡುವಿಗೆ ಫಲ ಬರುವ ಕಡೆ ಗಡುವು ಹತ್ತಿರವಾದಂತೆ ಕೆಲಸ ಏರುತ್ತದೆ. ಪರೀಕ್ಷೆಗೆ ಮುನ್ನ ದೀಪ ಹಚ್ಚುವ ಹುಡುಗರು, ಮಾರ್ಚ್ 31ಕ್ಕೆ ಮುನ್ನ ಬಿಲ್ಲು ಮಾಡುವ ಕಚೇರಿಗಳು ಇದೇ ಲಯದವು.

ನಾಲ್ಕನೆಯ ಕ್ರಮವೊಂದಿದೆ, ಅದರ ಬಗ್ಗೆ ತಡೆದು ಮಾತಾಡಬೇಕು, ಏಕೆಂದರೆ ನಮ್ಮ ಭಾಗದ ಮನೆಗಳನ್ನು ತಿಂದದ್ದು ಅದೇ. ಎಷ್ಟು ಒತ್ತಿಗೆ ಒಂದು ಕಾಳು ಎಂಬುದು ಗೊತ್ತಿಲ್ಲದಂತೆ ಕೊಟ್ಟರೆ ಪಾರಿವಾಳ ವಿರಾಮವಿಲ್ಲದೆ ಕುಟುಕುತ್ತದೆ. ಕಾಳು ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಪ್ರತಿ ಸಲ ಕಾಳು ಸಿಕ್ಕ ಹಕ್ಕಿಗೆ ಕೊಡುವುದು ನಿಂತದ್ದು ಬೇಗ ತಿಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಸಿಕ್ಕ ಹಕ್ಕಿಗೆ ಬರಿಗೈ ಎಂಬುದು ಹೊಸದೇನಲ್ಲ, ಆದ್ದರಿಂದ ಅದು ನಿಲ್ಲುವುದಿಲ್ಲ.

ಕೊಪ್ಪಳ, ರಾಯಚೂರು ಜಿಲ್ಲೆಗಳ ಪೊಲೀಸ್ ಪ್ರಕರಣಗಳಲ್ಲಿ ಓಸಿ ಬರೆಯುವವನ ಮಾತು ಒಂದೇ ತೆರನಾಗಿ ದಾಖಲಾಗುತ್ತದೆ: ಒಂದು ರೂಪಾಯಿಗೆ ಎಂಬತ್ತು ರೂಪಾಯಿ. ಎರಡಂಕಿಯ ಸಂಖ್ಯೆಗಳು ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು. ನೂರು ಸಲ ಒಂದೊಂದು ರೂಪಾಯಿ ಕಟ್ಟಿದರೆ ಸರಾಸರಿ ಒಮ್ಮೆ ಹತ್ತುತ್ತದೆ, ನೂರು ಹೋಗಿ ಎಂಬತ್ತು ಬರುತ್ತದೆ. ಈ ಲೆಕ್ಕ ಬರೆಸುವವನಿಗೆ ತಿಳಿಯದ್ದೇನಲ್ಲ. ಭತ್ತದ ಧಾರಣೆಯನ್ನು ಬೆರಳ ತುದಿಯಲ್ಲಿ ಗುಣಿಸುವ ಮನುಷ್ಯ ಆತ. ಆದರೆ ನಿನ್ನೆ 47 ಕಟ್ಟಿದ್ದ, 48 ಬಂತು. ಒಂದು ಅಂಕಿಯಲ್ಲಿ ತಪ್ಪಿತು ಎಂಬುದು ಸೋಲಿನಂತೆ ಕಾಣದೆ ಗೆಲುವಿನ ಹೊಸ್ತಿಲಂತೆ ಕಾಣುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಸೋಲು, ಗೆದ್ದಾಗ ಎಚ್ಚರಗೊಳ್ಳುವ ಮಿದುಳಿನ ಭಾಗಗಳನ್ನೇ ಎಚ್ಚರಿಸುತ್ತದೆ ಎಂದು ಬ್ರಿಟನ್ನಿನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದಾರೆ. ಸೋತವನಿಗೆ ಬುದ್ಧಿ ಹೇಳಲು ಹೋದವರು ಈ ಮಾತನ್ನು ನೆನಪಿಡಬೇಕು. ಅವನಿಗೆ ಲೆಕ್ಕ ಕಲಿಸಿ ಪ್ರಯೋಜನವಿಲ್ಲ. ಅವನನ್ನು ಹಿಡಿದಿರುವುದು ಬಹುಮಾನ ಬರುವ ಕ್ರಮ.

ಹಾಗಾಗಿ ಜೂಜಿನ ಅಂಗಡಿ ಮುಚ್ಚಿಸುವುದರಿಂದ ಉಪಯೋಗವುಂಟು. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದಾಗ ಬಸ್ ನಿಲ್ದಾಣಗಳ ಮುಂದೆ ಮೇಜು ಹಾಕಿ ಕುಳಿತವರು ಎದ್ದು ಹೋದರು. ಆಮೇಲೆ ಬಂದದ್ದು ಮೊಬೈಲು. ಲಾಟರಿ ಫಲಿತಾಂಶಕ್ಕೆ ಸಂಜೆಯವರೆಗಾದರೂ ಕಾಯಬೇಕಿತ್ತು, ಆನ್‌ಲೈನ್ ಆಟದಲ್ಲಿ ನಿಮಿಷಕ್ಕೊಂದು ಫಲಿತಾಂಶ. ಕಾಯುವ ಹೊತ್ತು ಕಡಿಮೆಯಾದಷ್ಟೂ ಚಟ ಆಳಕ್ಕಿಳಿಯುತ್ತದೆ. ಇಂಥ ಆಟಗಳನ್ನು ತಡೆಯಲು ರಾಜ್ಯ ಸರ್ಕಾರ 2021ರಲ್ಲಿ ತಂದ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಕಾಯ್ದೆ ಸರಿಯಾದ ದಾರಿ ಎಂದೇ ನನ್ನ ಎಣಿಕೆ. ಆದರೆ ಓಸಿಯ ಅನುಭವ ನೋಡಿದವರಿಗೆ ಗೊತ್ತು, ಕಾಗದದ ಮೇಲಿನ ನಿಷೇಧ ಠಾಣೆಯ ಮನಸ್ಸಿನಷ್ಟೇ ಗಟ್ಟಿ.

ಇನ್ನು ತಡವಾಗಿ ಬರುವ ಫಲದ ಮಾತು. ಇದರ ಮೇಲೆ ನಡೆದ ಒಳ್ಳೆಯ ಪ್ರಯೋಗಗಳಲ್ಲಿ ಒಂದು ನಮ್ಮ ಮೈಸೂರಿನದು. ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್, ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿ ಡೇಟಾ ಎಂಟ್ರಿ ಕೆಲಸಗಾರರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಮಾಡಿದಷ್ಟಕ್ಕೆ ಕೂಲಿ, ವಾರಕ್ಕೊಮ್ಮೆ ಬಟವಡೆ. ಯಾವ ದಿನ ದುಡಿದರೂ ಪೈಸೆ ಅಷ್ಟೇ. ಆದರೂ ಬಟವಡೆಯ ದಿನ ಹತ್ತಿರವಾದಂತೆ ಕೆಲಸ ಏರುತ್ತಿತ್ತು. ಬಟವಡೆಯ ದಿನದ ದುಡಿಮೆ ವಾರದ ಆರಂಭಕ್ಕಿಂತ ಶೇ 8ರಷ್ಟು ಹೆಚ್ಚು. ಇನ್ನೂ ವಿಚಿತ್ರವಾದದ್ದು ಮುಂದಿನ ಹಂತ. ‘ಇಷ್ಟು ಮಾಡುತ್ತೇನೆಂದು ನೀವೇ ಗುರಿ ಹಾಕಿಕೊಳ್ಳಿ, ಮುಟ್ಟದಿದ್ದರೆ ಕೂಲಿ ಕಡಿತ, ಮುಟ್ಟಿದರೆ ಹೆಚ್ಚುವರಿ ಏನೂ ಇಲ್ಲ’ ಎಂಬ ಕರಾರನ್ನು ಮುಂದಿಟ್ಟಾಗ, ನಷ್ಟವಲ್ಲದೆ ಲಾಭವಿಲ್ಲದ ಆ ಕರಾರನ್ನು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಲ ಕೆಲಸಗಾರರು ತಾವಾಗಿ ಒಪ್ಪಿಕೊಂಡರು. ತಮ್ಮ ಮನಸ್ಸು ದೂರದ ಫಲಕ್ಕೆ ಏಳುವುದಿಲ್ಲ ಎಂಬುದು ಅವರಿಗೇ ಗೊತ್ತಿತ್ತು, ಅದಕ್ಕೆ ತಾವೇ ಮೂಗುದಾರ ಹುಡುಕಿಕೊಂಡರು. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು.

ವಾರದ ತಡಕ್ಕೇ ಹೀಗಾದರೆ ಆರು ತಿಂಗಳ ತಡಕ್ಕೆ ಏನಾದೀತು? ಕಾರಟಗಿಯ ಭತ್ತದ ರೈತನ ಬದುಕು ಅದಕ್ಕೆ ಉತ್ತರ. ನಾಟಿಗೆ ಮುನ್ನ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ; ನಡುವೆ ಎರಡು ಮೂರು ಸಲ ಎಣ್ಣೆ ಹೊಡೆಯುವ ಖರ್ಚು; ಕೊನೆಗೆ ಕಟಾವಿನ ಮಷಿನ್ನಿನ ಗಂಟೆ ಬಾಡಿಗೆ. ಎಲ್ಲವೂ ಮೊದಲೇ ಬೇಕು. ಕೈಯಲ್ಲಿ ಇಲ್ಲದವನು ದಲ್ಲಾಳಿ ಅಂಗಡಿಗೋ ಗೊಬ್ಬರದ ಅಂಗಡಿಗೋ ಹೋಗುತ್ತಾನೆ. ಅಲ್ಲಿ ಅವನ ಹೆಸರಿನ ಒಂದು ಪುಟವಿದೆ. ಮೇಲೆ ಹಳೇ ಬಾಕಿ. ಅದರ ಕೆಳಗೆ ತಾರೀಖು ಹಾಕಿ ಯೂರಿಯಾ ಇಷ್ಟು ಚೀಲ, ಡಿಎಪಿ ಇಷ್ಟು, ಆಸ್ಪತ್ರೆಗೆಂದು ಒಯ್ದ ನಗದು ಇಷ್ಟು. ಬಲಗಡೆ ಬಡ್ಡಿಯ ಖಾನೆ. ಉದ್ರಿಯ ದರ ನಗದಿನ ದರಕ್ಕಿಂತ ಒಂದು ತೂಕ ಮೇಲೆ. ರಾಶಿಯಾದ ಮೇಲೆ ಮಾಲು ಅದೇ ಅಂಗಡಿಯ ಮೂಲಕ ಹೋಗಬೇಕೆಂಬುದು ಬರೆಯದ ಕರಾರು. ಪಟ್ಟಿ ಬರೆದಾಗ ಬಾಕಿ ಮುರಿದು ಉಳಿದದ್ದು ಕೈಗೆ ಬರುತ್ತದೆ. ಎಲ್ಲರ ರಾಶಿಯೂ ಒಮ್ಮೆಗೇ ಬಂದು ಧಾರಣೆ ಇಳಿದಿರುವ ಹೊತ್ತು ಅದು. ಎರಡು ತಿಂಗಳು ತಡೆದು ಮಾರಿದರೆ ಲಾಭ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ತಡೆಯುವ ಶಕ್ತಿ ಆ ಪುಟದಲ್ಲಿಲ್ಲ.

ಈ ಕಾಯುವಿಕೆ ಕಿಸೆಗಷ್ಟೇ ಭಾರವಲ್ಲ, ತಲೆಗೂ ಭಾರ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುನ್ನ ಒಮ್ಮೆ, ರೊಕ್ಕ ಕೈಸೇರಿದ ಮೇಲೆ ಒಮ್ಮೆ ಬುದ್ಧಿಪರೀಕ್ಷೆಗೆ ಕೂರಿಸಿ ನೋಡಿದ ಅಧ್ಯಯನ 2013ರಲ್ಲಿ ಬಂತು. ಅದೇ ಮನುಷ್ಯ ಕಟಾವಿಗೆ ಮುನ್ನ ಹೆಚ್ಚು ತಪ್ಪು ಮಾಡಿದ. ಒಡಿಶಾದಲ್ಲಿ ಎಲೆಯ ತಟ್ಟೆ ಹೊಲಿಯುವ ಕೂಲಿಗಳಲ್ಲಿ ಕೆಲವರಿಗೆ ಬರಬೇಕಾದ ಕೂಲಿಯ ದೊಡ್ಡ ಪಾಲನ್ನು ಮೊದಲೇ ಕೊಟ್ಟು ನೋಡಿದರು. ಮೊತ್ತ ಹೆಚ್ಚಿಸಲಿಲ್ಲ, ದಿನ ಹಿಂದಕ್ಕೆ ತಂದರಷ್ಟೇ. ಅವರ ದುಡಿಮೆ ಶೇ 7ರಷ್ಟು ಏರಿತು, ತಟ್ಟೆಯಲ್ಲಿ ಗಮನವಿಲ್ಲದೆ ಆಗುವ ತಪ್ಪುಗಳು ಇಳಿದವು. ಸಾಲದ ಚಿಂತೆಯಲ್ಲಿರುವವನಿಗೆ ‘ಲಕ್ಷ್ಯ ಕೊಟ್ಟು ಕೆಲಸ ಮಾಡು’ ಎನ್ನುವುದು ಸುಲಭ; ಅವನ ಲಕ್ಷ್ಯ ಎಲ್ಲಿ ಅಡವಾಗಿದೆ ಎಂಬುದನ್ನು ಈ ಅಧ್ಯಯನಗಳು ಹೇಳಿದವು.

ಹಾಗಾದರೆ ಎಲ್ಲರಿಗೂ ದಿನದಿನವೂ ಕೊಟ್ಟುಬಿಟ್ಟರೆ ಸರಿಯೇ? ಇಲ್ಲಿ ಆತುರ ಬೇಡ. ಕೀನ್ಯಾದ ಹಾಲು ಉತ್ಪಾದಕರು ದಿನವೂ ನಗದು ಕೊಡುವ, ಹೆಚ್ಚು ದರದ ವ್ಯಾಪಾರಿ ಬಾಗಿಲಲ್ಲೇ ಇದ್ದರೂ ತಿಂಗಳಿಗೊಮ್ಮೆ ಕೊಡುವ, ಕಡಿಮೆ ದರದ ಸಹಕಾರಿ ಸಂಘಕ್ಕೆ ಹಾಲು ಹಾಕುತ್ತಿದ್ದರು. ಲೊರೆಂಜೊ ಕಸಬೂರಿ, ರೊಕ್ಕೊ ಮಕ್ಕಿಯವೆಲ್ಲೊ ಎಂಬವರು 2019ರಲ್ಲಿ ಪ್ರಕಟಿಸಿದ ಈ ಸಂಗತಿ ನಮ್ಮ ಹೆಣ್ಣುಮಕ್ಕಳಿಗೆ ಆಶ್ಚರ್ಯ ತರುವುದಿಲ್ಲ. ದಿನದ ಹಾಲಿನ ರೊಕ್ಕ ದಿನವೇ ಕರಗುತ್ತದೆ. ಡೈರಿಯ ಬಿಲ್ಲು ಒಟ್ಟಾಗಿ ಬಂದರೆ ಶಾಲೆಯ ಫೀಸಿಗೋ ಹಿಂಡಿಗೋ ಆಗುತ್ತದೆ. ಚೀಟಿ ಹಾಕುವುದರ ಹಿಂದೆಯೂ ಇದೇ ಜಾಣತನ ಇದೆ: ಸಣ್ಣದಾಗಿ ಬರುವುದನ್ನು ಒಮ್ಮೆ ದೊಡ್ಡದಾಗಿ ಬರುವಂತೆ ತಿರುಗಿಸಿಕೊಳ್ಳುವುದು. ಕೂಳಿಗೆ ಬೇಕಾದದ್ದು ದಿನದಿನ ಬರಲಿ, ಕಟ್ಟಿಕೊಳ್ಳಬೇಕಾದದ್ದು ಗಂಟಾಗಿ ಬರಲಿ. ಗೃಹಲಕ್ಷ್ಮಿಯ 2,000 ಸಂತೆಗೆ ಹೋಗುತ್ತದೆ, ಪಿಎಂ ಕಿಸಾನ್‌ನ ಕಂತು ಗೊಬ್ಬರದ ಅಂಗಡಿಗೆ ಹೋಗುತ್ತದೆ ಎಂದರೆ ಎರಡೂ ತಮ್ಮ ತಮ್ಮ ಹೊತ್ತಿನ ಕೆಲಸವನ್ನೇ ಮಾಡುತ್ತಿವೆ.

ಹೊತ್ತಿನ ಮಹತ್ವ ತೋರಿಸಿದ ಇನ್ನೊಂದು ಪ್ರಯೋಗವೂ ಕೀನ್ಯಾದ್ದೇ. ಮುಂದಿನ ಬೆಳೆಗೆ ಗೊಬ್ಬರ ಹಾಕಬೇಕೆಂಬ ಮನಸ್ಸು ರೈತರಿಗಿತ್ತು. ಬಿತ್ತುವ ಹೊತ್ತಿಗೆ ರೊಕ್ಕ ಇರುತ್ತಿರಲಿಲ್ಲ. ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್, ಜೊನಾಥನ್ ರಾಬಿನ್ಸನ್ ಅವರ ತಂಡ ರಾಶಿ ಮುಗಿದ ಕೂಡಲೇ ಮನೆಬಾಗಿಲಿಗೆ ಹೋಗಿ ‘ಈಗಲೇ ರೊಕ್ಕ ಕೊಡಿ, ಗೊಬ್ಬರ ತಂದುಕೊಡುವ ಖರ್ಚು ನಮ್ಮದು’ ಎಂದಿತು. ಗೊಬ್ಬರದ ಬಳಕೆ ಗಣನೀಯವಾಗಿ ಏರಿತು. ಅದೇ ರಿಯಾಯಿತಿಯನ್ನು ಬಿತ್ತನೆಯ ಹೊತ್ತಿಗೆ ಕೊಟ್ಟಾಗ ಅಂಥ ಪರಿಣಾಮ ಕಾಣಲಿಲ್ಲ. ನಮ್ಮ ಕೃಷಿ ಪತ್ತಿನ ಸಹಕಾರ ಸಂಘಗಳು ಡಿಸೆಂಬರ್‌ನಲ್ಲಿ ಮುಂದಿನ ಹಂಗಾಮಿನ ಗೊಬ್ಬರಕ್ಕೆ ಮುಂಗಡ ಕಟ್ಟಿಸಿಕೊಳ್ಳುವ ವ್ಯವಸ್ಥೆ ಮಾಡಿದರೆ ಉದ್ರಿಯ ಪುಟ ಅರ್ಧಕ್ಕಿಳಿದೀತು. ಇದಕ್ಕೆ ಸಬ್ಸಿಡಿಯೂ ಬೇಕಿಲ್ಲ.

ಸಾಲದ ಕಂತಿಗೂ ಇದೇ ನ್ಯಾಯ. ಮೈಕ್ರೋ ಫೈನಾನ್ಸ್‌ನವರು ವಾರಕ್ಕೋ ತಿಂಗಳಿಗೋ ಕಂತು ಕೇಳುತ್ತಾರೆ, ರೈತನ ಮನೆಗೆ ರೊಕ್ಕ ಬರುವುದು ರಾಶಿಗೆ. ಕಂತು ಕಟ್ಟಲು ಇನ್ನೊಬ್ಬರ ಹತ್ತಿರ ಸಾಲ. ಕಿರುಕುಳ ತಡೆಯಲು ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ವಸೂಲಿಯ ಒರಟುತನವನ್ನು ಅದು ತಡೆದೀತು, ಕಂತಿನ ದಿನವನ್ನು ರಾಶಿಯ ದಿನಕ್ಕೆ ಹೊಂದಿಸುವ ಕೆಲಸ ಹಾಗೇ ಉಳಿದಿದೆ.

ಮುಂಗಡ ಎಂಬ ಇನ್ನೊಂದು ಲೋಕವಿದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಿಂದ ದುಡಿಯಲು ಗುಳೆ ಹೋಗುವವರಲ್ಲಿ ಎಷ್ಟೋ ಜನ ಹೋಗುವ ಮುನ್ನವೇ ಮೇಸ್ತ್ರಿಯಿಂದ ರೊಕ್ಕ ಹಿಡಿದಿರುತ್ತಾರೆ. ಫಲ ಮೊದಲು, ಕೆಲಸ ಆಮೇಲೆ. ಕೆಲಸವಿಲ್ಲದ ತಿಂಗಳಲ್ಲಿ, ಮನೆಯಲ್ಲಿ ಮದುವೆಯೋ ಕಾಯಿಲೆಯೋ ಇರುವಾಗ ಕೈಗಿಟ್ಟ ಆ ರೊಕ್ಕಕ್ಕೆ ಕೂಲಿಯ ದರ ಇಳಿದಿರುತ್ತದೆ. ಅಲ್ಲಿ ಹೋದ ಮೇಲೆ ಬಿಟ್ಟು ಬರುವ ಹಾದಿಯೂ ಇರುವುದಿಲ್ಲ. ಜೀತ ಪದ್ಧತಿಯನ್ನು 1976ರ ಕಾಯ್ದೆ ತೆಗೆದುಹಾಕಿದೆ. ಮುಂಗಡದ ರೂಪದಲ್ಲಿ ಅದರ ನೆರಳು ಉಳಿದಿದೆ. ಬೇಗ ಸಿಕ್ಕ ರೊಕ್ಕವೆಲ್ಲ ಒಳ್ಳೆಯದು ಎಂದುಕೊಳ್ಳುವವರು ಇದನ್ನು ನೋಡಬೇಕು. ಯಾರ ಅಗತ್ಯದ ದಿನ, ಯಾರು ಕೊಟ್ಟರು, ಬದಲಿಗೆ ಏನು ಬರೆಸಿಕೊಂಡರು ಎಂಬುದನ್ನು ಬಿಟ್ಟು ‘ಯಾವಾಗ’ ಎಂಬುದನ್ನಷ್ಟೇ ಹಿಡಿದರೆ ಶಾಸ್ತ್ರವೂ ದಾರಿ ತಪ್ಪುತ್ತದೆ. ಹಿಂದೆ ಆಯಗಾರರಿಗೆ ಕಣದಲ್ಲಿ ವರ್ಷದ ಕಾಳು ಅಳೆಯುತ್ತಿದ್ದ ಪದ್ಧತಿಯೂ ಹೀಗೆಯೇ ಎರಡು ಮುಖದ್ದು. ಬಡಿಗ, ಕಮ್ಮಾರನಿಗೆ ಅನ್ನದ ಭರವಸೆ ಇತ್ತು. ಕೇಳಿದಾಗಲೆಲ್ಲ ಓಡಿಬರಬೇಕಾದ ಹಂಗೂ ಇತ್ತು.

ಮಕ್ಕಳ ವಿಷಯದಲ್ಲಿ ದಿನದ ಫಲ ಮಾಡಿದ ಉಪಕಾರ ದೊಡ್ಡದು. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದು ಕೊಪ್ಪಳವೂ ಸೇರಿದಂತೆ ಉತ್ತರ ಕರ್ನಾಟಕದ ಹಿಂದುಳಿದ ಜಿಲ್ಲೆಗಳಲ್ಲಿ. ಓದಿದರೆ ಹತ್ತು ವರ್ಷದ ನಂತರ ನೌಕರಿ ಎಂಬ ಮಾತು ಹೊಲಕ್ಕೆ ಹೊರಟ ಮಗುವನ್ನು ನಿಲ್ಲಿಸುವುದಿಲ್ಲ. ಮಧ್ಯಾಹ್ನದ ಬಿಸಿಯೂಟ ಇವತ್ತೇ ಇದೆ. 2013ರಲ್ಲಿ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆ ಸೇರಿದವು. ರಾಜಸ್ಥಾನದ ಉದಯಪುರದಲ್ಲಿ ಲಸಿಕೆ ಶಿಬಿರವನ್ನು ಹೇಳಿದ ದಿನ ತಪ್ಪದೆ ನಡೆಸಿದಾಗ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ 18 ಆದರು, ಪ್ರತಿ ಸಲ ಒಂದು ಕಿಲೋ ಬೇಳೆಯನ್ನೂ ಕೊಟ್ಟಾಗ ಶೇ 39 ಆದರು. ಏನೂ ಮಾಡದ ಊರುಗಳಲ್ಲಿ ಶೇ 6. ಅಲ್ಲಿನ ಗುಡ್ಡಗಾಡಿನ ಏಕೋಪಾಧ್ಯಾಯ ಶಾಲೆಗಳಲ್ಲಿ ದಿನದ ಹಾಜರಿಯ ಫೋಟೋಗೆ ಸಂಬಳ ಜೋಡಿಸಿದಾಗ ಶಿಕ್ಷಕರ ಗೈರುಹಾಜರಿ ಶೇ 42ರಿಂದ 21ಕ್ಕಿಳಿಯಿತು. ಬೇಳೆಯ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಶಿಬಿರ ಹೇಳಿದ ದಿನ ನಡೆದದ್ದರಿಂದಲೇ 6 ಇದ್ದದ್ದು 18 ಆಯಿತಲ್ಲ, ಅದರ ಕಡೆ ನನ್ನ ಗಮನ.

ಬಹುಮಾನದ ಆಸೆ ಒಳಗಿನ ಆಸಕ್ತಿಯನ್ನು ಕೊಲ್ಲುತ್ತದೆ ಎಂಬ ಆಕ್ಷೇಪಕ್ಕೂ ಆಧಾರವಿದೆ. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರು ತಾವಾಗಿ ಬರೆಯುವುದು ಕಡಿಮೆಯಾಯಿತೆಂದು 1973ರ ಅಮೆರಿಕದ ಪ್ರಯೋಗ ಹೇಳುತ್ತದೆ. ಮೊದಲು ಹೇಳದೆ, ಬರೆದಾದ ಮೇಲೆ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಇಳಿಯಲಿಲ್ಲ. ಅಲ್ಲೂ ವೇಳೆಯೇ ಮುಖ್ಯವಾಯಿತು. ಬೆಳೆಯ ಮೇಲಿನ ಅಕ್ಕರೆ, ಪಾಠದ ಮೇಲಿನ ಪ್ರೀತಿ ಇರುವ ಕಡೆ ಎಲ್ಲಕ್ಕೂ ದರ ಕಟ್ಟಬಾರದು. ಆದರೆ ಹೊಟ್ಟೆಯ ಕೂಲಿಯ ವಿಷಯದಲ್ಲಿ ಈ ತರ್ಕವನ್ನು ತಂದು, ‘ರೊಕ್ಕ ತಡವಾದರೇನು, ಕರ್ತವ್ಯ ಮಾಡಲಿ’ ಎನ್ನುವುದು ಅನ್ಯಾಯ.

ತಾಳ್ಮೆಯ ಪ್ರಶ್ನೆಗೆ ಬರುತ್ತೇನೆ. ಈಗ ಒಂದು ಮಿಠಾಯಿ, ಕಾದರೆ ಎರಡು ಎಂದು ಮಕ್ಕಳ ಮುಂದಿಟ್ಟ ವಾಲ್ಟರ್ ಮಿಷೆಲ್ ಅವರ ಪ್ರಯೋಗ ಹೆಸರಾದದ್ದು. ಕಾದ ಮಕ್ಕಳು ಮುಂದೆ ಬಾಳಿನಲ್ಲೂ ಗೆದ್ದರು ಎಂಬ ಕಥೆ ದಶಕಗಳ ಕಾಲ ಓಡಿತು. 2018ರಲ್ಲಿ ಹೆಚ್ಚು ಮಕ್ಕಳನ್ನಿಟ್ಟು, ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಆ ನಂಟು ಬಹುಪಾಲು ಕರಗಿತು. ನನಗೆ ಅದಕ್ಕಿಂತ ಮುಖ್ಯವಾದದ್ದು ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರ 2013ರ ಪ್ರಯೋಗ. ಮಿಠಾಯಿಗೆ ಮುನ್ನ ಕೆಲವು ಮಕ್ಕಳಿಗೆ ‘ಒಳ್ಳೆಯ ಬಣ್ಣ ತರುತ್ತೇನೆ, ಕಾಯಿರಿ’ ಎಂದು ಹೇಳಿ ತಂದುಕೊಟ್ಟರು, ಇನ್ನು ಕೆಲವರಿಗೆ ಹೇಳಿ ತರಲಿಲ್ಲ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಮೂರೇ ನಿಮಿಷ. ಮಾತು ತಪ್ಪಿದವನ ಮುಂದೆ ಕಾಯದಿರುವುದೇ ಬುದ್ಧಿವಂತಿಕೆ.

ನೀರಿಗೂ ಇದೇ ನ್ಯಾಯ. ಎಡದಂಡೆ ಕಾಲುವೆಯ ಮೇಲಿನಿಂದ ಕೆಳಗೆ ಹೋಗಿ ನೋಡಿ. ನೀರು ತಪ್ಪದೆ ಬರುವ ಮೇಲ್ಭಾಗದಲ್ಲಿ ಭತ್ತದ ಮೇಲೆ ಭತ್ತ. ಮಾನ್ವಿ, ಸಿರವಾರ, ರಾಯಚೂರಿನ ಕೊನೆಯ ಭಾಗದಲ್ಲಿ ನೀರು ಬಂದ ದಿನವೇ ಬಂತು. ಅಲ್ಲಿನ ರೈತ ತೂಬಿಗೆ ಪೈಪು ಹಾಕಿದ, ಪಂಪು ಇಟ್ಟ, ರಾತ್ರಿ ಕಾಲುವೆ ಕಾಯಲು ನಿಂತ ಎಂದು ದೂರುವವರಿದ್ದಾರೆ. ನಾಳೆಯ ಪಾಳಿ ಖಂಡಿತ ಎಂದಿದ್ದರೆ ಇವತ್ತು ಯಾರು ಜಗಳ ಆಡುತ್ತಿದ್ದರು? ಮೇಲ್ಭಾಗದವರೂ ಪಾಳಿಯ ಮೇಲೆ ನಂಬಿಕೆಯಿಲ್ಲದ್ದರಿಂದಲೇ ಗದ್ದೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ನಿಲ್ಲಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾಟಿ ಮುಗಿಸಿದ್ದ ರೈತರ ಎದೆ ಒಡೆದಿತ್ತು. ಮರುವರ್ಷ ಗೇಟುಗಳನ್ನು ಬದಲಿಸುವ ಕೆಲಸಕ್ಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. 33 ಗೇಟುಗಳ ಬದಲಾವಣೆ ಆಗಲೇಬೇಕಿದ್ದ ಕೆಲಸ. ಆದರೆ ಒಂದು ರಾಶಿ ತಪ್ಪಿದರೆ ಕಾಯುವಿಕೆ ಆರು ತಿಂಗಳಿಂದ ಹನ್ನೆರಡಕ್ಕೆ ಏರುತ್ತದೆ, ಉದ್ರಿಯ ಪುಟ ಎರಡಾಗುತ್ತದೆ.

ಸರ್ಕಾರದ ರೊಕ್ಕಕ್ಕೂ ಇದೇ ಮಾತು. ಉದ್ಯೋಗ ಖಾತರಿಯ 2005ರ ಕಾಯ್ದೆ ಹದಿನೈದು ದಿನದೊಳಗೆ ಕೂಲಿ ಎಂದು ಬರೆದಿತ್ತು, ತಡವಾದ ಪ್ರತಿ ದಿನಕ್ಕೂ ಪರಿಹಾರ ಎಂದೂ ಇತ್ತು. ಕೂಲಿ ತಿಂಗಳುಗಟ್ಟಲೆ ತಡವಾದ ಊರುಗಳಲ್ಲಿ ಜನ ಕೆಲಸ ಕೇಳುವುದನ್ನೇ ಬಿಟ್ಟರು. ‘ಬೇಡಿಕೆ ಇಲ್ಲ’ ಎಂದು ಕಡತದಲ್ಲಿ ಬಿತ್ತು. ಗೃಹಲಕ್ಷ್ಮಿ ಕಂತುಗಳು ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಾಗ ಮೊತ್ತದಲ್ಲಿ ಕಡಿಮೆಯಾಗದಿದ್ದರೂ ಅದರ ಗುಣ ಬದಲಾಯಿತು. ತಿಂಗಳಿಗೆ ತಪ್ಪದೆ ಬರುವ 2,000ದ ಮೇಲೆ ಕಿರಾಣಿ ಅಂಗಡಿಯವನು ಉದ್ರಿ ಕೊಡುತ್ತಾನೆ, ಸಂಘದ ಕಂತು ತಪ್ಪುವುದಿಲ್ಲ, ಮಗಳ ಹಾಸ್ಟೆಲ್ಲಿನ ಖರ್ಚಿಗೆ ಮಾತು ಕೊಡಬಹುದು. ಯಾವಾಗ ಬಂದೀತೋ ತಿಳಿಯದ 6,000ದ ಮೇಲೆ ಇದ್ಯಾವುದನ್ನೂ ಕಟ್ಟಲಾಗದು. ಬೆಂಬಲ ಬೆಲೆಯೂ ಹಾಗೆಯೇ. 2025–26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ ಘೋಷಣೆಯಾಗಿತ್ತು. ಖರೀದಿ ಕೇಂದ್ರ ರಾಶಿಯಾದ ಮೇಲೆ ತಡವಾಗಿ ತೆರೆದು, ಹಣ ಇನ್ನೂ ತಡವಾದರೆ ಸಣ್ಣ ರೈತನ ಮಾಲು ಅಷ್ಟರಲ್ಲಿ ದಲ್ಲಾಳಿಯ ಅಂಗಡಿ ದಾಟಿರುತ್ತದೆ.

ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಯೋಜನೆಯ ಹಣ ಜಮಾ ಆಗುವ ತಾರೀಖು ಮೊದಲೇ ಪ್ರಕಟವಾಗಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಲಿ. ಖರೀದಿ ಕೇಂದ್ರ ಕಟಾವಿನ ಮೊದಲ ವಾರವೇ ತೆರೆಯಲಿ. ಸಾಲದ ಕಂತು ರಾಶಿಯ ಹಂಗಾಮಿಗೆ ಹೊಂದಲಿ. ಕಾಲುವೆಯ ಪ್ರತಿ ವಿತರಣಾ ನಾಲೆಗೆ ನೀರು ಬರುವ, ನಿಲ್ಲುವ ದಿನಗಳನ್ನು ಹಂಗಾಮಿಗೆ ಮುನ್ನ ಕೊನೆಭಾಗದ ಊರುಗಳಿಗೆ ತಿಳಿಸಲಿ, ತಿಳಿಸಿದ ಮೇಲೆ ತಪ್ಪದಿರಲಿ. ಇಷ್ಟಾದ ಮೇಲೂ ರೈತ, ಕೂಲಿ ಕಾಯಲಿಲ್ಲವೆಂದರೆ ಆಗ ಅವರ ತಾಳ್ಮೆಯ ಬಗ್ಗೆ ಮಾತಾಡೋಣ.